ವಯನಾಡಿನ ಕೇಸಿಗೆ ಹುಣಸೂರಲ್ಲಿ ಸಾಕ್ಷಿ

1971ರ ಆಷಾಢದಲ್ಲಿ ಹುಣಸೂರು ಕೋರ್ಟಿನ ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಎಚ್.ಡಿ. ಕೋಟೆ ಕಾಡಂಚಿನ ಅಕ್ಕ ತಮ್ಮ ಕೂತಿದ್ದರು. ತಮ್ಮ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ.

"ಗಂಡ ಸತ್ತಿದ್ದಕ್ಕೆ ಪರಿಹಾರ ಕೊಡಿ ಅಂತ ಕೇತಿ ಕೇಸು ಆಕಿರೋದು ಕೇರಳದಲ್ಲಿ. ಇಲ್ಲಿಯೋರು ನಿನ್ನ ಯಾಕೆ ಕರೀಬೇಕು, ಬೊಮ್ಮಕ್ಕ? ನಡಿ, ಓಗನ."

"ನನ್ನ ಸಾಕ್ಷಿ ಇಲ್ಲೇ ಬರ್ಕೊಳ್ಳಿ ಅಂತ ಆ ಕೋರ್ಟೇ ಈ ಕೋರ್ಟಿಗೆ ಬರ್ದದೆ ಕಣ್ಲಾ ಮಾರ. ಸಮನ್ಸಿಗೆ ಹೆಬ್ಬೆಟ್ಟು ಒತ್ತಿವ್ನಿ. ತಪ್ಪಿಸ್ಕೊಂಡ್ರೆ ಪೊಲೀಸ್ನೋರು ಎಳ್ಕೊಂಡು ಬತ್ತಾರೆ."

"ಅಂಗಾರೆ ಏನೂ ನೋಡ್ಲಿಲ್ಲ ಅನ್ನು."

"ನೋಡಿವ್ನಲ್ಲ. ಮಳೇಲಿ ಮರ ಜಾರ್ತದೆ ಅಂತ ಕೇತಿ ಗಂಡ ಬೇಡ್ಕೊಂಡ. ಎಸ್ಟೇಟ್ ಮೇಸ್ತ್ರಿ ಬೈದು ಮರ ಅತ್ತಿಸ್ದ."

"ಕುಡ್ದು ಬಿದ್ದು ಸತ್ತ ಅಂತಾವ್ರೆ ಎಸ್ಟೇಟ್ನೋರು. ನಾನಿನ್ನೂ ಅದೇ ಮೇಸ್ತ್ರಿ ಕೈಕೆಳಗಿವ್ನಿ. ನೀನು ಬಾಯಿ ಬುಟ್ರೆ ನಾಳೆ ನನ್ನೂ ಅತ್ತಿಸ್ತಾನೆ."



"ಅವನು ಬಲವಂತ್ವಾಗಿ ಅತ್ತಿಸೋನು ಅಂತ ನಿಂಗೂ ಗೊತ್ತಲ್ಲ. ಅದ್ನೇ ಯೋಳ್ತೀನಿ."

ಒಳಗಿನಿಂದ ಜವಾನ ಅವಳ ಹೆಸರು ಕೂಗಿದ. ಅವಳು ಸೆರಗು ಹೊದ್ದು ಒಳಗೆ ಹೋದಳು. ಮಾರ ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಕಡೆ ಹೊರಟವನು ಗೇಟಿನ ಹತ್ತಿರ ನಿಂತ. ಆಮೇಲೆ ತಿರುಗಿ ಬಂದು ಅಕ್ಕನ ಹಿಂದೆಯೇ ಒಳಗೆ ಹೋದ.