ಮೇಷ್ಟ್ರು ಕೊಟ್ಟ ಅಮರೋನೆ

ಹಲೋ... ಹಲೋ, ಯಾರು ಮಾತಾಡ್ತಿರೋದು?... ಸ್ವಲ್ಪ ಜೋರಾಗಿ ಹೇಳಿ, ಬರೀ ಗೊರಗೊರ ಅಂತಿದೆ...

ಅಯ್ಯೋ, ಮೇಷ್ಟ್ರೇ! ನೀವಾ? ಗುರುತೇ ಸಿಗಲಿಲ್ಲ... ಇಲ್ಲ ಇಲ್ಲ, ನಿಮ್ಮ ಧ್ವನಿಗೇನಾಗಿದೆ, ಲೈನೇ ಸರಿಯಿಲ್ಲ... ಸರಿ, ಸುಳ್ಳು ಹೇಳಲ್ಲ. ತುಂಬ ಇಳಿದುಹೋಗಿದೆ...

ಆಸ್ಪತ್ರೆಯಿಂದಾನಾ? ಅಮ್ಮಾವ್ರು ಪಕ್ಕದಲ್ಲಿದ್ದಾರಾ?... ಹಾಂ... ಆಪರೇಷನ್ ಇವತ್ತೇನಾ? ನಾಳೆ ಅಂದಿದ್ರಲ್ಲ... ಇನ್ನರ್ಧ ಗಂಟೇಲಿ? ಧ್ವನಿಪೆಟ್ಟಿಗೆ ಪೂರ್ತಿ ತೆಗೀತಾರಾ? ಹಾಗಾದ್ರೆ ಆಮೇಲೆ ಮಾತೇ... ಹಾಂ. ಹಾಂ. ಗೊತ್ತಾಯ್ತು. ಹೇಳಿ, ನಾನೇನು ಮಾಡ್ಲಿ?...

ಯಾವ ಬಾಟಲು?... ಇದೆ, ಇದೆ. ಆ ಇಟಲಿ ವೈನು, ಅಮರೋನೆ ತಾನೆ? ನಿಮ್ಮ ಹತ್ರ ವೈನ್ ಪಾಠ ಮುಗಿಸಿ ಹೋಟೆಲಲ್ಲಿ ವೈನ್ ಆರಿಸಿ ಬಡಿಸೋ ಕೆಲಸಕ್ಕೆ ಸೇರಿದ ದಿನ ನೀವೇ ಕೊಟ್ಟಿದ್ದು, ಮರೀತೀನಾ? ಹದಿನಾಲ್ಕು ವರ್ಷದಿಂದ ಬೀರುವಿನ ತಳದಲ್ಲಿ ಕಂಬಳಿ ಸುತ್ತಿ ಮಲಗಿಸಿದ್ದೀನಿ. ಮೂರು ಮನೆ ಬದಲಾಯಿಸಿದೆ. ಒಂದ್ಸಲಾನೂ ಅದನ್ನ ಲಾರಿಗೆ ಹಾಕ್ಲಿಲ್ಲ, ಮಡಿಲಲ್ಲಿಟ್ಕೊಂಡೇ ಬಂದೆ...

ಈಗ್ಲೇನಾ? ಬೆಳಗ್ಗೆ ಹನ್ನೊಂದು ಗಂಟೆಗೆ?... ನಾನು ಕುಡಿದು ಹೇಗಿದೆ ಅಂತ ನಿಮಗೆ ಹೇಳ್ಬೇಕಾ?... ಬೇಡ ಮೇಷ್ಟ್ರೇ, ಇನ್ನೊಂದು ದಿನ... ತಪ್ಪಾಯ್ತು. ಹಾಗನ್ನಬಾರದಿತ್ತು. ತಾಳಿ, ಫೋನು ಸ್ಪೀಕರಿಗೆ ಹಾಕ್ತೀನಿ...

ಥತ್, ಕಾರ್ಕು ಅರ್ಧಕ್ಕೇ ಮುರೀತು... ನಗ್ಬೇಡಿ, ಕೆಮ್ಮು ಬರುತ್ತೆ... ನೋಡಿದ್ರಾ, ಬಂತು... ಹಾಂ, ಕಿತ್ತೆ. ಪುಡಿ ಒಳಗೆ ಬಿದ್ದಿದೆ, ಸೋಸ್ತೀನಿ... ಟೀ ಸೋಸೋ ಜಾಲರೀಲಿ. ಬಯ್ಬೇಡಿ, ಮನೇಲಿ ಇರೋದು ಅದೊಂದೇ...

ಬಣ್ಣ? ನಡುವೆ ಕಪ್ಪಗಿನ ಕೆಂಪು, ದೀಪ ಹಿಡಿದ್ರೂ ಆಚೆ ಕಾಣಲ್ಲ. ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಗ್ಲಾಸ್ ವಾಲಿಸಿದ್ರೆ ಗಾಜಿಗಂಟಿ ಎಣ್ಣೆ ಥರ ನಿಧಾನಕ್ಕೆ ಇಳೀತಿದೆ...

ವಾಸನೆ... ಹಾಂ, ವಾಸನೆ. ಒಣಗಿದ ಚೆರ್ರಿ. ಅಂಜೂರ. ಆಮೇಲೆ ಕೋಕೋ, ತಂಬಾಕು, ಹಳೇ ಚರ್ಮ. ಬಿಸಿಲಿಗಲ್ಲ, ಗಾಳಿಗೆ ಬಾಡಿದ ಹಣ್ಣು...

ಏನಂದ್ರಿ?... ನಿಮ್ಮ ಪಾಠಾನೇ ಒಪ್ಪಿಸ್ತಿದ್ದೀನಾ?...

ಹೌದು...

ಮೇಷ್ಟ್ರೇ, ನನಗೆ ವಾಸನೆ ಬರಲ್ಲ... ಏಳು ತಿಂಗಳಾಯ್ತು. ಜ್ವರ ಬಂದಿತ್ತು, ಅದು ಹೋಗ್ತಾ ಮೂಗನ್ನೂ ಕರ್ಕೊಂಡು ಹೋಯ್ತು... ತೋರಿಸ್ದೆ, ಮೂರು ಡಾಕ್ಟರಿಗೆ. ಇಬ್ಬರು ಕಾದು ನೋಡಿ ಅಂದ್ರು, ಮೂರನೆಯವರು ಕಾಯೋದೂ ಬೇಡ ಅಂದ್ರು. ಕನ್ನಡಕ ನಿಲ್ಲಿಸೋಕೆ ಒಂದು ಮೂಗಿದೆ, ಅಷ್ಟೇ...

ಹೋಟೆಲಲ್ಲಿ ಯಾರಿಗೂ ಹೇಳಿರಲಿಲ್ಲ. ನೀವು ಹೇಳ್ಕೊಟ್ಟಿದ್ದು ಬಾಯಿಪಾಠ ಇತ್ತಲ್ಲ, ಅದರಲ್ಲೇ ತಳ್ಳಿದೆ. ಹೋದ ತಿಂಗಳು ಬೂಷ್ಟು ವಾಸನೆ ಹಿಡಿದಿದ್ದ ಬಾಟಲನ್ನ ಹೊಗಳಿ ಹೊಗಳಿ ಬಡಿಸ್ಬಿಟ್ಟೆ. ಮೇಜಲ್ಲಿ ಕೂತವರೆಲ್ಲ ಮೂಗು ಮುಚ್ಕೊಂಡ್ರು. ಈಗ ನನಗೆ ನ್ಯಾಪ್ಕಿನ್ ಮಡಚೋ ಕೆಲಸ...

ಇದೂ ಹಾಗೇ ಕೆಟ್ಟಿರಬಹುದು. ಚೆನ್ನಾಗೂ ಇರಬಹುದು. ನನಗೆ ತಿಳಿಯಲ್ಲ ಮೇಷ್ಟ್ರೇ. ಇದೊಂದು ಕೇಳಿದ್ರಿ ನೀವು, ಇದನ್ನೂ... ಇಲ್ಲ, ಅಳ್ತಿಲ್ಲ... ಹೂಂ, ಅಳ್ತಿದ್ದೀನಿ...

ನಾಲಿಗೆಗೆ ಸಿಕ್ಕಿದ್ದಷ್ಟೇ ಹೇಳ್ಲಾ?... ತಾಳಿ... ಭಾರ ಇದೆ. ಬಾಯಿ ತುಂಬ್ಕೊಳ್ಳುತ್ತೆ. ಒಸಡು ಬಿಗಿಯುತ್ತೆ. ಎದೆಯೊಳಗೆ ಬಿಸಿ ಇಳೀತು. ಒಣಗಿ ಅಷ್ಟು ಸಿಹಿಯಾಗಿದ್ದ ಹಣ್ಣು, ಹುದುಗು ಬಂದಾಗ ಆ ಸಿಹಿಯನ್ನೆಲ್ಲ ಸುಟ್ಕೊಂಡ್ಬಿಟ್ಟಿದೆ. ಸಿಹಿ ಬರುತ್ತೆ ಅಂತ ಕಾಯ್ತೀನಿ, ಬರಲ್ಲ. ಕೊನೆಗೆ ಕಹಿ... ಹಾಂ, ಹೆಸರಿನ ಅರ್ಥಾನೇ ದೊಡ್ಡ ಕಹಿ ಅಂತಿದ್ರಲ್ಲ, ಅದೊಂದು ಚೆನ್ನಾಗಿ ಗೊತ್ತಾಗ್ತಿದೆ... ಇಷ್ಟೇ. ಇನ್ನೇನೂ ಸಿಗ್ತಿಲ್ಲ... ಸಾಕು ಅಂದ್ರಾ, ಸಾಲದು ಅಂದ್ರಾ?...

ಒಂದು ಕೇಳ್ಲಾ ಮೇಷ್ಟ್ರೇ?... ನೀವು ಇಟಲಿಗೆ ಹೋಗಿದ್ರಲ್ಲ, ಈ ವೈನಿಗೆ ಅಂತ ಕೊಯ್ದ ದ್ರಾಕ್ಷೀನ ಹಿಂಡದೆ ತಟ್ಟೆ ಮೇಲೆ ಹರಡಿ ಮೂರ್ನಾಕು ತಿಂಗಳು ಒಣಗಿಸ್ತಾರಲ್ಲ, ಆ ಅಟ್ಟಕ್ಕೆ. ಬಾಗಿಲು ತೆಗೆದಾಗ ಏನು ವಾಸನೆ ಬಂತು? ಕ್ಲಾಸಲ್ಲಿ ಎಷ್ಟು ಸಲ ಕೇಳಿದ್ರೂ ಅದನ್ನ ಹೇಳೋಕಾಗಲ್ಲ ಅಂತಿದ್ರಿ. ಇವತ್ತು ಹೇಳಿ. ಬರೆದು ಕಳಿಸೋದು ಬೇಡ, ನಿಮ್ಮ ಬಾಯಲ್ಲೇ ಕೇಳ್ಬೇಕು...

ಹಾಂ... ಮಂಜಿತ್ತು... ಹಾಂ, ಒಬ್ಬ ಮುದುಕಿ ಕೀಲಿ ತಂದ್ಲು... ಮರದ ಮೆಟ್ಟಿಲು... ನಿಧಾನ, ನಿಧಾನ, ಕೆಮ್ಮು ನಿಲ್ಲಲಿ...

ನರ್ಸ್ ಬಂದ್ರಾ? ಒಂದೇ ಒಂದು ನಿಮಿಷ ಅನ್ನಿ ಅವರಿಗೆ! ಅಮ್ಮಾವ್ರೇ, ಫೋನು ಅವರ ಬಾಯಿ ಹತ್ರಾನೇ ಹಿಡೀರಿ... ಮೇಷ್ಟ್ರೇ, ಹೇಳಿ, ಬಾಗಿಲು ತೆಗೆದ್ಲು, ಆಮೇಲೆ?...

ಅದು?... ಅದು ಯಾವ ಥರ?... ಕೇಳಿಸ್ಲಿಲ್ಲ, ಸ್ಟ್ರೆಚರ್ ಗಾಲಿ ಸದ್ದು ಬರ್ತಿದೆ. ಇನ್ನೊಂದ್ಸಲ ಹೇಳಿ... ಮೇಷ್ಟ್ರೇ, ಏನಂದ್ರಿ?... ಹಲೋ?... ಹಲ...