ಗಟ್ಟಿ ಗೋಡೆಯ ಕೋಣೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಗೋದಾಮಿನ ಮಾಲೀಕರೇ, ಅತಿಥಿಗಳೇ, ಪಾಳಿ ಮುಗಿಸಿ ನೇರವಾಗಿ ಇಲ್ಲಿಗೇ ಬಂದು ಕುಳಿತಿರುವ ಸಭಿಕರೇ,

ಬಿರುಗಾಳಿ ಬಂದಾಗ ಕೆಲಸಗಾರರು ಹೋಗಿ ನಿಲ್ಲಲೆಂದು ಗಟ್ಟಿ ಗೋಡೆಯ ಕೋಣೆ ಕಟ್ಟಿಸಿ, ಅದಕ್ಕೆ ನನ್ನ ದೊಡ್ಡ ಮಗಳ ಹೆಸರಿಟ್ಟಿದ್ದೀರಿ. ಎರಡು ಮಾತಾಡಿ ಎಂದಿರಿ. ನಾನು ಗೋಡೆಗೆ ಬಣ್ಣ ಬಳಿಯುವವನು. ಗೋಡೆಯ ಮುಂದೆ ಮಾತಾಡಿ ಅಭ್ಯಾಸವಿದೆ, ಅದು ಎದುರುತ್ತರ ಕೊಡುವುದಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಳೆದ ವರ್ಷ ಆ ದಿನ ನಾನು ಒಂದು ಎತ್ತರದ ಕಟ್ಟಡಕ್ಕೆ ಬಣ್ಣ ಬಳಿಯಲು ಕಟ್ಟಿದ್ದ ಸಾರುವೆ ಮೇಲಿದ್ದೆ. ಬಿರುಗಾಳಿಯ ಎಚ್ಚರಿಕೆ ಎಲ್ಲರ ಮೊಬೈಲಿಗೂ ಬಂತು. ಟೀ ಕುಡಿಯಲೂ ಇಳಿಯಬಿಡದ ನಮ್ಮ ಮೇಸ್ತ್ರಿ, 'ಬ್ರಶ್ ಅಲ್ಲೇ ಬಿಡ್ರಪ್ಪಾ, ಮೊದ್ಲು ಇಳೀರಿ' ಅಂದ. ಇಳಿದೆವು. ಅಷ್ಟೇ.

ಆಗಲೇ ಈ ಗೋದಾಮಿನಿಂದ ದೊಡ್ಡ ಮಗಳ ಫೋನ್ ಬಂತು. ಗೋದಾಮಿಗೆ ಕಿಟಕಿಯಿಲ್ಲ, ಮೊಬೈಲನ್ನು ಬಾಗಿಲಲ್ಲೇ ಇಟ್ಟು ಒಳಗೆ ಹೋಗಬೇಕು. ಕಚೇರಿಯ ಫೋನಿನಿಂದ ಮಾಡಿದ್ದಳು.

'ಅಪ್ಪಾ, ಮೇಲೆ ತಗಡು ತುಂಬಾ ಬಡ್ಕೋತಿದೆ. ಹೊರಗೆ ಹೇಗಿದೆ?'

'ಕಪ್ಪಾಗಿದೆ ಕಣಮ್ಮಾ. ಎಚ್ಚರಿಕೆ ಕೊಟ್ಟಿದ್ದಾರೆ, ಹೊರಟುಬಿಡು.'

'ಹೋಗ್ಲಾ ಅಂತ ಕೇಳ್ದೆ. ಲಾರಿ ಕಾಯ್ತಿದೆ, ಇದೊಂದು ಲೋಡ್ ಮುಗಿಸಿ ಅಂದ್ರು.'

'ಹೇಳದೇ ಬಾ.'

'ಹಾಗೆ ಬಂದ್ರೆ ನಾಳೆಯಿಂದ ಬರ್ಬೇಡ ಅಂತಾರೆ ಅಪ್ಪಾ.'

ಸೂಪರ್‌ವೈಸರ್ ಮ್ಯಾನೇಜರನ್ನು ಕೇಳಿದರು, ಮ್ಯಾನೇಜರು ಹೆಡ್ ಆಫೀಸನ್ನು ಕೇಳಿದರು. ಹೆಡ್ ಆಫೀಸಿನವರು ಊಟಕ್ಕೆ ಹೋಗಿದ್ದರಂತೆ. ಹೋಗಿ ಎನ್ನಲು ಇಷ್ಟು ಜನ ಬೇಕೇ? ಇರಿ ಎನ್ನಲು ಯಾರನ್ನೂ ಕೇಳಬೇಕಾಗಲಿಲ್ಲವಲ್ಲ?

ನಾನು ಸೈಕಲ್ ತುಳಿದು ಗೇಟು ಮುಟ್ಟಿದಾಗ ಚಾವಣಿ ಇರಲಿಲ್ಲ. ಗೋಡೆ ಒಳಕ್ಕೆ ಬಿದ್ದಿತ್ತು. ಪೆಟ್ಟಿಗೆಗಳನ್ನು ಎತ್ತಿ ಎತ್ತಿ ಹಾಕಿದೆವು. ಸೂಪರ್‌ವೈಸರೂ ನನ್ನ ಪಕ್ಕದಲ್ಲೇ ಎತ್ತುತ್ತಿದ್ದರು, ಅಳುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಸಿಟ್ಟು ಬರಲೂ ತ್ರಾಣ ಬೇಕು. ಮಗಳು ಸಿಕ್ಕಾಗ ಅವಳ ಕೈಯಲ್ಲಿ ಪೆಟ್ಟಿಗೆಗೆ ಅಂಟಿಸುವ ಟೇಪು ಹಾಗೇ ಇತ್ತು.

ಕೋಣೆ ಚೆನ್ನಾಗಿದೆ. ಮುಟ್ಟಿ ನೋಡಿದೆ, ಗಾರೆ ಗಟ್ಟಿಯಾಗಿದೆ. ಆದರೆ ಒಳಗೆ ಹೋಗಿ ಎಂದು ಹೇಳುವವರು ಯಾರು? ಬೆಳಿಗ್ಗೆ ಮ್ಯಾನೇಜರನ್ನೇ ಕೇಳಿದೆ. 'ಹೆಡ್ ಆಫೀಸಿಂದ ಹೇಳ್ತಾರೆ ಯಜಮಾನ್ರೇ' ಅಂದರು.

ನನ್ನ ಕಿರಿಮಗಳು ಈ ಸಭೆಗೆ ಬಂದಿಲ್ಲ. ಅಕ್ಕನ ಜಾಗದಲ್ಲಿ ಅವಳಿಗೆ ಕೆಲಸ ಕೊಟ್ಟಿರಿ. ಮನೆ ನಡೆಯಬೇಕಲ್ಲ, ನಾನೂ ಬೇಡ ಅನ್ನಲಿಲ್ಲ. ಇಲ್ಲಿಗೆ ಬರಲು ಒಂದು ಗಂಟೆ ಬಿಡುವು ಕೇಳಿದಳಂತೆ. ಕೊಡಲಿಲ್ಲ.

ಸಭೆ ಮುಗಿಯುವ ಮೊದಲೇ ಹೊರಡುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಅವಳು ಆಚೆ ಬರುವವರೆಗೆ ಗೇಟಿನ ಹತ್ತಿರ ನಿಂತಿರುತ್ತೇನೆ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ವಂದನೆ. ನಮಸ್ಕಾರ.