ಫೀಫಿ ಎಶುನನ ಐದು ದೇಶಗಳು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಊರ ಹಿರಿಯರಾದ ನಾನಾ ಒಟ್ಸಿವಾ ಅವರೇ, ಕೇಪ್ ಕೋಸ್ಟಿನಿಂದ ದಯಮಾಡಿಸಿರುವ ಶಿಕ್ಷಣಾಧಿಕಾರಿಗಳೇ, ನಾನು ಬಿಟ್ಟುಕೊಟ್ಟ ಕುರ್ಚಿಯಲ್ಲಿ ನನಗಿಂತ ನೆಟ್ಟಗೆ ಕೂತಿರುವ ಮುಖ್ಯೋಪಾಧ್ಯಾಯ ಅಂಪಾ ಅವರೇ, ಸಾಲ್ಟ್‌ಪಾಂಡಿನ ಸಭಿಕರೇ, ಭಾಷಣ ಯಾವಾಗ ಮುಗಿದು ಊಟ ಯಾವಾಗ ಬಡಿಸುತ್ತಾರೋ ಎಂದು ಕಾಯುತ್ತಿರುವ ಮಕ್ಕಳೇ,

ಇದೇ ಶಾಲೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು ನಾನು. ಐದು ನಿಮಿಷ ದಾಟಿ ಮಾತಾಡಿದ ಎಷ್ಟೋ ಅತಿಥಿಗಳಿಗೆ ಗಂಟೆ ಬಾರಿಸಿ ಕೂರಿಸಿದ್ದೇನೆ. ಇವತ್ತು ನನ್ನ ಸರದಿ. ಗಂಟೆ ಯಾರ ಕೈಯಲ್ಲಿದೆಯೋ ಅವರು ಸ್ವಲ್ಪ ದಯೆ ತೋರಿಸಬೇಕು.

ನನ್ನ ತಮ್ಮ ಫೀಫಿ ಎಶುನ್ ಕೊಟ್ಟ ಹಣದಲ್ಲಿ ಕಟ್ಟಿದ ಗ್ರಂಥಾಲಯ ಇವತ್ತು ತೆರೆಯುತ್ತಿದೆ. ಅವನು ತೀರಿಕೊಂಡು ಎಂಟು ತಿಂಗಳಾಯಿತು. 'ಐದು ದೇಶಗಳಲ್ಲಿ ನೆಲೆ ಮಾಡಿಕೊಂಡ ನಿಮ್ಮ ತಮ್ಮ ಮಕ್ಕಳಿಗೆ ಮಾದರಿ, ಅದನ್ನು ಹೇಗೆ ಸಾಧಿಸಿದರು ಎಂದು ನಾಲ್ಕು ಮಾತು ಹೇಳಿ' ಎಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಕೇಳಿದರು. ಹೇಳುತ್ತೇನೆ.

ಅವನು ಹುಟ್ಟಿದ್ದು ಇಲ್ಲಲ್ಲ, ಗಡಿಯಾಚೆ ಪರದೇಶದ ಲಾಗೋಸಿನಲ್ಲಿ. ನಮ್ಮಪ್ಪ ಅಲ್ಲಿ ಗಣಿತದ ಮೇಷ್ಟ್ರು. ಎಂಬತ್ತಮೂರನೇ ಇಸವಿ ಜನವರಿಯಲ್ಲಿ ಒಂದು ಸಂಜೆ ರೇಡಿಯೋದಲ್ಲಿ ಹೇಳಿದರು, ಕಾಗದಪತ್ರ ಇಲ್ಲದ ಪರದೇಶದವರೆಲ್ಲ ಹದಿನೈದು ದಿನದಲ್ಲಿ ಹೊರಡಬೇಕು ಎಂದು. ಈ ಸಭೆಯಲ್ಲಿ ತಲೆ ನರೆತವರಿಗೆ ಅದನ್ನು ನಾನು ವಿವರಿಸಬೇಕೇ? ನಿಮ್ಮಲ್ಲಿ ಎಷ್ಟು ಜನ ಅದೇ ಲಾರಿಗಳಲ್ಲಿ ಬಂದವರಲ್ಲವೇ? ನಮ್ಮದೇ ದೇಶವೂ ಆಗ ತನ್ನ ಗಡಿ ಮುಚ್ಚಿಕೊಂಡು ಕೂತಿತ್ತು. ಹಿಂದಿನ ಬಾಗಿಲಿನವರು ಹೋಗು ಎಂದರು, ಮುಂದಿನ ಬಾಗಿಲಿನವರು ತೆರೆಯಲಿಲ್ಲ. ನಡುವೆ ನಾವು.

ಗಡಿಯ ಹತ್ತಿರ ಒಂದು ತಡೆಯಲ್ಲಿ ಸಿಪಾಯಿಯೊಬ್ಬ ಅಪ್ಪನ ಪಾಸ್‌ಪೋರ್ಟ್ ನೋಡಿದ. ಅಪ್ಪನ ಹೆಸರಿತ್ತು, ಅವ್ವನದಿತ್ತು, ನನ್ನದಿತ್ತು. ಫೀಫಿಯದು ಇರಲಿಲ್ಲ. ಬರೆಸಬೇಕು ಬರೆಸಬೇಕು ಎಂದು ಅಪ್ಪ ಆರು ವರ್ಷ ಮುಂದೂಡಿದ್ದರು. ಮೂವರು ಹೋಗಬಹುದು, ಹುಡುಗ ಯಾರವನೋ ಗೊತ್ತಿಲ್ಲ ಎಂದ ಸಿಪಾಯಿ. ಅಪ್ಪ ಮಧ್ಯಾಹ್ನವೆಲ್ಲ ಅವನ ಹಿಂದೆ ಮುಂದೆ ಓಡಾಡಿ ಕೈಮುಗಿದರು. ಕೊನೆಗೆ ಯಾವುದೋ ದೊಡ್ಡ ಅಧಿಕಾರಿ ಬಂದು, ಎಲ್ಲರನ್ನೂ ಬಿಡಿ ಎಂದ ಮೇಲೆಯೇ ನಾವು ದಾಟಿದ್ದು.

ಅಲ್ಲಿಂದ ಬಂದವನು ಈ ಶಾಲೆಗೆ ಸೇರಿದ. ಲೆಕ್ಕದಲ್ಲಿ ಅಪ್ಪನ ಹಾಗೆಯೇ ಚುರುಕು. ತೇಮಾ ಬಂದರಿನಲ್ಲಿ ಗುಮಾಸ್ತನಾಗಿ ಸೇರಿ, ಹತ್ತು ವರ್ಷಕ್ಕೆ ಹಡಗಿನ ಸರಕು ಸಾಗಿಸುವ ಸ್ವಂತ ಕಂಪನಿ ಮಾಡಿದ. ಕೈಗೆ ದುಡ್ಡು ಬಂದಾಗ ಬೇರೆಯವರು ಮನೆ ಕಟ್ಟುತ್ತಾರೆ. ಇವನು ದೇಶಗಳನ್ನು ಕೊಂಡ. ಕೆರಿಬಿಯನ್ ದ್ವೀಪವೊಂದರ ಪೌರತ್ವ, ದುಬೈಯಲ್ಲಿ ವಾಸದ ಪರವಾನಗಿ, ಮಾರಿಷಸ್‌ನಲ್ಲಿ ಕಂಪನಿ, ಪೋರ್ಚುಗಲ್‌ನಲ್ಲಿ ಒಂದು ಮನೆ. ನಮ್ಮ ದೇಶದ ಪಾಸ್‌ಪೋರ್ಟನ್ನೂ ಬಿಡಲಿಲ್ಲ. ಎಲ್ಲವೂ ಕಾನೂನುಬದ್ಧವಾಗಿತ್ತು, ನನ್ನ ತಮ್ಮ ಕಳ್ಳನಲ್ಲ. 'ಒಂದೇ ಬಾಗಿಲಿರೋ ಮನೇಲಿ ಮಲಗಬಾರದು ಅಕ್ಕ' ಅನ್ನುತ್ತಿದ್ದ. ನನಗೂ ಎರಡನೇ ಪಾಸ್‌ಪೋರ್ಟ್ ಕೊಡಿಸುತ್ತೇನೆಂದು ಬಂದಿದ್ದ. ನನಗೆ ಮೊದಲನೆಯದೇ ಇಲ್ಲವಲ್ಲೋ ಎಂದೆ. ಇಬ್ಬರೂ ಬಹಳ ಹೊತ್ತು ನಕ್ಕೆವು.

ಆದರೆ ಐದು ದೇಶದವನಿಗೆ ಒಂದು ನಿಯಮವಿದೆ. ಎಲ್ಲೂ ಹೆಚ್ಚು ದಿನ ಇರುವಂತಿಲ್ಲ. ಇಲ್ಲಿ ಅರ್ಧ ವರ್ಷ ದಾಟಿದರೆ ಇಲ್ಲಿಯ ತೆರಿಗೆಯವರು ಹಿಡಿಯುತ್ತಾರೆ. ಅಲ್ಲಿ ಅರ್ಧ ವರ್ಷ ಮುಖ ತೋರಿಸದಿದ್ದರೆ ಪರವಾನಗಿ ಹೋಗುತ್ತದೆ. ಜೇಬಿನ ಡೈರಿಯಲ್ಲಿ ದಿನಗಳನ್ನು ಬರೆದಿಡುತ್ತಿದ್ದ. ಮದುವೆಯಾದ ಹುಡುಗಿ ಮೂರು ವರ್ಷ ಅವನ ಸೂಟ್‌ಕೇಸಿನ ಹಿಂದೆ ತಿರುಗಿ, ಸಾಕೆಂದು ತವರಿಗೆ ಹೋದಳು. ನಮ್ಮವ್ವ ಒಂದೇ ಪ್ರಶ್ನೆ ಕೇಳುತ್ತಿದ್ದಳು: 'ಅಷ್ಟು ದೇಶದಾಗೆ, ನಿನ್ನ ಸೊಂಟ ನೋಯ್ತು ಅಂದ್ರೆ ಎಣ್ಣೆ ತಿಕ್ಕೋರು ಯಾವ ದೇಶದಾಗೆ ಇದಾರಪ್ಪಾ?'

ಅವ್ವ ಹಾಸಿಗೆ ಹಿಡಿದಾಗ ಅವನು ಎಲ್ಲ ಬಿಟ್ಟು ಬಂದ. ಐದು ತಿಂಗಳಿಗೂ ಹೆಚ್ಚು ಕಾಲ ನಮ್ಮ ಮನೆಯಲ್ಲೇ ಇದ್ದ. ಅವಳ ಮೈ ಒರೆಸಿದ, ಮೀನಿನ ಮುಳ್ಳು ತೆಗೆದು ತುತ್ತು ಮಾಡಿ ಉಣ್ಣಿಸಿದ. ಅಂಥ ಸೇವೆ ಈ ಊರಲ್ಲಿ ಯಾವ ಮಗ ಮಾಡಿದ್ದಾನೆ? ನಾನೇ ನೋಡಿಲ್ಲ. ಒಂದು ದಿನ ಅವನೂ ನಾನೂ ಅಡುಗೆಮನೆಯಲ್ಲಿ ಕೂತು ಮೆಕ್ಕೆಜೋಳದ ಕೆಂಕಿ ಕಡುಬಿನ ಎಲೆ ಬಿಡಿಸುತ್ತಿದ್ದೆವು. ನಾನು ಆ ಗಡಿಯ ಮಾತೆತ್ತಿದೆ.

ಸಭಿಕರೇ, ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿಲ್ಲ. ಆದರೂ ಬಾಯಿಗೆ ಬಂದಿದೆ, ಹೇಳಿಬಿಡುತ್ತೇನೆ. ಆ ಮಧ್ಯಾಹ್ನ ಅಪ್ಪ ಸಿಪಾಯಿಯ ಹಿಂದೆ ಓಡಾಡುತ್ತಿದ್ದಾಗ, ಲಾರಿಯ ನೆರಳಿನಲ್ಲಿ ಫೀಫಿ ನೀರು ಬೇಕೆಂದು ಒಂದೇ ಸಮನೆ ಅಳುತ್ತಿದ್ದ. ನನಗೆ ಹದಿನಾರು ವರ್ಷ. ಹಸಿವು, ಭಯ. ಅವನ ಕಿವಿ ಹಿಡಿದು, 'ಸುಮ್ನಿರ್ತೀಯೋ ಇಲ್ವೋ? ನಿನ್ ಹೆಸರು ಪುಸ್ತಕದಾಗೆ ಇಲ್ಲ. ನಿನ್ನ ಇಲ್ಲೇ ಬಿಟ್ಟು ಹೋಗ್ತೀವಿ' ಎಂದೆ. ಮಗು ತಟಕ್ಕನೆ ಅಳು ನಿಲ್ಲಿಸಿತು. ಮಕ್ಕಳು ಹಾಗೆ ಅಳು ನಿಲ್ಲಿಸಬಾರದು. ಮೂವತ್ತೊಂದು ವರ್ಷದಲ್ಲಿ ನಾನು ಯಾವ ಮಗುವಿನ ಕಿವಿಯನ್ನೂ ಹಿಡಿಯಲಿಲ್ಲ, ನಮ್ಮ ಮೇಡಂ ಬಹಳ ಮೃದು ಎಂದು ನೀವು ಹೊಗಳಿದಿರಿ. ಕಾರಣ ಇದು.

ಅಡುಗೆಮನೆಯಲ್ಲಿ ಕೇಳಿದೆ, ನೆನಪಿದೆಯೇನೋ ನಿನಗೆ ಎಂದು. ಅವನು ಎಲೆ ಬಿಡಿಸುತ್ತಲೇ ನಕ್ಕ. 'ಇಲ್ದೆ ಏನು? ಹೆಸರಿರೋ ಪುಸ್ತಕ ಒಂದೇ ಆದ್ರೆ ಸಾಲದು ಅಂತ ಅವತ್ತೇ ಗೊತ್ತಾಯ್ತಲ್ಲ ಅಕ್ಕ' ಎಂದ. ಕೋಪದಿಂದಲ್ಲ. ಯಾರೋ ಒಳ್ಳೆಯ ಪಾಠ ಹೇಳಿಕೊಟ್ಟರೆ ನೆನೆಯುತ್ತಾರಲ್ಲ, ಹಾಗೆ.

ನವೆಂಬರ್ ಕೊನೆಗೆ, ಅವನು ಇಲ್ಲಿ ಇರಬಹುದಾದ ದಿನಗಳು ಮುಗಿದವು. ಅವ್ವ ಹೆಚ್ಚು ದಿನ ಇರುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಇನ್ನು ನಾಲ್ಕು ದಿನ ನಿಂತರೂ ಹನ್ನೆರಡು ವರ್ಷ ಕಟ್ಟಿದ್ದೆಲ್ಲ ಕೈಬಿಡುತ್ತದೆ ಎಂದು ಅವನ ಲೆಕ್ಕಿಗರು ಫೋನಿನಲ್ಲಿ ಹೆದರಿಸಿದರು. ಅವನು ಅವ್ವನ ಕಾಲ ಬಳಿ ಬಹಳ ಹೊತ್ತು ಕೂತಿದ್ದ. ಬಾಗಿಲಿಗೆ ಬಂದವನಿಗೆ ನಾನು, 'ಹೋಗು. ಅವ್ವ ಸತ್ರೆ ಯಾವ ದೇಶದಾಗೆ ಅಳಬೇಕು ಅಂತ ಅವರನ್ನೇ ಕೇಳ್ಕೋ' ಎಂದೆ. ಅವನು ಸೂಟ್‌ಕೇಸ್ ಎತ್ತಿಕೊಂಡು ಹೊರಟ. ಒಂಬತ್ತನೇ ದಿನ ಅವ್ವ ಹೋದಳು.

ಮಣ್ಣು ಮಾಡಿದ್ದು ಏಳು ವಾರಗಳ ನಂತರ. ಮಣ್ಣಿಗೆ ಬರುವವರ ಸತ್ಕಾರದ ಸಿದ್ಧತೆಗೆ ತಡವಾಯಿತು ಎಂದು ಊರಿಗೆ ಹೇಳಿದ್ದೆವು. ನಾನಾ ಒಟ್ಸಿವಾ ಅವರೇ, ನಿಮಗೂ ಹಾಗೆಯೇ ಹೇಳಿದ್ದೆ, ಕ್ಷಮಿಸಬೇಕು. ಫೀಫಿಗೆ ಮತ್ತೆ ಈ ನೆಲದ ಮೇಲೆ ಕಾಲಿಡಲು ಅವನ ಲೆಕ್ಕಿಗರು ಹೇಳಿದ ತಾರೀಖಿನವರೆಗೆ ನಮ್ಮವ್ವ ಶವಾಗಾರದ ತಣ್ಣನೆಯ ಪೆಟ್ಟಿಗೆಯಲ್ಲಿ ಕಾದಳು. ಒಪ್ಪಿದವಳು ನಾನೇ. ಒಬ್ಬನೇ ಮಗ, ಅವನಿಲ್ಲದೆ ಹೇಗೆ ಮಣ್ಣು ಹಾಕಲಿ?

ಹೋದ ವರ್ಷ ಅವನು ಆರನೆಯ ದೇಶವೊಂದನ್ನು ನೋಡಲು ಹೋಗಿದ್ದ. ಅಲ್ಲಿ ಬೆಟ್ಟದ ಊರೊಂದರ ಹೋಟೆಲ್ ಕೋಣೆಯಲ್ಲಿ ಎದೆನೋವು ಬಂತು. ಬಾಗಿಲು ತೆಗೆದದ್ದು ಎರಡನೇ ದಿನ. ಅಲ್ಲಿಗೆ ದ್ವೀಪದ ಪಾಸ್‌ಪೋರ್ಟಿನಲ್ಲಿ ಹೋಗಿದ್ದ. ದ್ವೀಪದವರಿಗೆ ಅಲ್ಲಿ ರಾಯಭಾರ ಕಚೇರಿಯಿಲ್ಲ. ಉಳಿದ ನಾಲ್ಕು ಕಡೆ ಫೋನು ಮಾಡಿದೆ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು, ಒಬ್ಬರು ಇನ್ನೊಬ್ಬರನ್ನು ಕೇಳಿ ಎಂದರು. ಇಪ್ಪತ್ಮೂರು ದಿನ. ಐದು ದೇಶದವನನ್ನು ತನ್ನವನೆಂದು ಕರೆದೊಯ್ಯಲು ಒಂದೂ ಬರಲಿಲ್ಲ. ಕೊನೆಗೆ ಜೀವನದಲ್ಲಿ ಮೊದಲ ಪಾಸ್‌ಪೋರ್ಟ್ ಮಾಡಿಸಿ, ಮೊದಲ ಸಲ ವಿಮಾನ ಹತ್ತಿ ನಾನೇ ಹೋದೆ. ಅಕ್ಕ ಎನ್ನುವುದಕ್ಕೆ ದಾಖಲೆ ಕೇಳಿದರು. ನನ್ನ ಹೆಸರಿನ ಮುಂದೆ ಗಂಡನ ಮನೆಯ ಹೆಸರಿದೆ. ಅಲ್ಲಿಯ ಹೆಂಗಸೊಬ್ಬಳು ನನ್ನ ಮುಖವನ್ನೂ ಅವನ ಮುಖವನ್ನೂ ನೋಡಿ, ಸಹಿ ಹಾಕಿಸಿಕೊಂಡಳು. ನಮ್ಮಿಬ್ಬರ ಹಣೆಯೂ ಅವ್ವನದೇ.

ಇಲ್ಲಿಗೆ ತಂದ ಮೇಲೆ ಮಣ್ಣು ಮಾಡಲು ಅಪ್ಪಣೆ ಬೇಕಲ್ಲ, ನಗರಸಭೆಗೆ ಹೋದೆ. ಅರ್ಜಿ ತುಂಬಿದವಳು ನನ್ನ ಹಳೆಯ ವಿದ್ಯಾರ್ಥಿನಿ ಎಸಿ ಬಾಕೊ, ಅಗೋ ಆ ಸಾಲಿನಲ್ಲಿ ಕೂತಿದ್ದಾಳೆ. ಹೆಸರು ಬರೆದಳು, ವಯಸ್ಸು ಬರೆದಳು. ಆಮೇಲೆ ಪೆನ್ನು ನಿಂತಿತು. 'ಮೇಡಂ, ಖಾಯಂ ವಿಳಾಸ ಅಂತ ಇದೆ. ಏನಂತ ಬರೀಲಿ?'

ಅವನ ಕಾಗದಗಳ ಚೀಲ ನನ್ನ ತೊಡೆಯ ಮೇಲೇ ಇತ್ತು. ಅದರಲ್ಲಿ ಐದು ದೇಶಗಳ ವಿಳಾಸಗಳಿದ್ದವು. ನಾನು ಚೀಲ ಬಿಚ್ಚಲಿಲ್ಲ.

'ಬರಿಯಮ್ಮ' ಎಂದೆ. 'ಚರ್ಚಿನ ಹಿಂದಿನ ಬೀದಿ, ಸಾಲ್ಟ್‌ಪಾಂಡ್. ಅಕ್ಕನ ಮನೆ.'

ಎಸಿ ಬರೆದಳು. ಹಾಗೆಯೇ ಬರೆದಳು, ಒಂದಕ್ಷರವನ್ನೂ ತಿದ್ದಲಿಲ್ಲ.

ಗಂಟೆ ಬಾರಿಸದೆ ಇಷ್ಟು ಹೊತ್ತು ಕೂತು ಕೇಳಿದಿರಿ. ನಿಮ್ಮೆಲ್ಲರ ಋಣ ನನ್ನ ಮೇಲಿದೆ. ನಮಸ್ಕಾರ.